ತಾಳ ಕೇಳಿಸದ ಕೋಣೆ

ಚಪ್ಪಾಳೆ ತಟ್ಟುವ ಚಟ ನನಗೆ ಅಂಟಿದ್ದು ಮಾಲೂರಿನ ನಮ್ಮ ಮನೆಯ ಮಹಡಿ ಕೋಣೆಯಿಂದ. ಹೊಸದಾಗಿ ಕಟ್ಟಿಸಿದ ಕೋಣೆ. ನೆಲಕ್ಕೆ ನುಣುಪಾದ ಟೈಲ್ಸ್, ನಾಲ್ಕೂ ಕಡೆ ಬರೀ ಸಿಮೆಂಟಿನ ಗೋಡೆ. ಮಧ್ಯದಲ್ಲಿ ನಿಂತು ಒಂದು ಚಪ್ಪಾಳೆ ಹೊಡೆದರೆ ನಾಲ್ಕು ವಾಪಸ್ಸು ಬರುತ್ತಿದ್ದವು. ಕೋಣೆಯ ಸದ್ದು ಸರಿಯಿದೆಯೋ ಇಲ್ಲವೋ ಹೀಗೇ ಪರೀಕ್ಷೆ ಮಾಡಬೇಕು ಅಂತ ಫೋನಿನ ವಿಡಿಯೊದಲ್ಲಿ ಯಾರೋ ಒಬ್ಬ ಹೇಳಿದ್ದ. ಅವನು ಹೇಳಿದ್ದು ತಪ್ಪಲ್ಲ, ನಾನು ಅಷ್ಟಕ್ಕೆ ನಿಲ್ಲಿಸಬೇಕಿತ್ತು. ಮದುವೆ ಛತ್ರಕ್ಕೆ ಹೋದರೂ ಒಂದು ಚಪ್ಪಾಳೆ, ಶ್ರೀನಿವಾಸಪುರದ ಮಾವಿನ ಮಂಡಿಗೆ ಹೋದರೂ ಒಂದು ಚಪ್ಪಾಳೆ. ಬ್ಯಾಂಕಿನಲ್ಲಿ ತಟ್ಟಿದಾಗ ಬಂದೂಕು ಹಿಡಿದು ಕೂತಿದ್ದವನು ತನ್ನನ್ನೇ ಕರೆದರು ಅಂದುಕೊಂಡು ಎದ್ದು ಬಂದ.

'ಮಂಗಳಾರತಿ ಮುಗೀತಾ?' ಎಂದು ಹೆಂಡತಿ ಕೆಳಗಿನಿಂದ ಕೂಗುತ್ತಿದ್ದಳು.

ಅವಳಿಗೆ ನಗು. ನನಗೆ ಕೂತಲ್ಲಿ ಕೂರಲಾಗದ ಚಡಪಡಿಕೆ. ಆ ಕೋಣೆಯಲ್ಲಿ ನನಗೆ ಕೇಳಬೇಕಾಗಿದ್ದದ್ದು ಒಂದೇ ಒಂದು ಕ್ಯಾಸೆಟ್ಟು. ಅದರಲ್ಲೂ ಮೂರನೆಯ ಹಾಡು. ಅದರಲ್ಲೂ ನಡುವೆ ಒಂದು ಕಡೆ, ಎರಡು ಪೆಟ್ಟಿನಷ್ಟು ಜಾಗ.

ನಮ್ಮೂರು ಮುಳಬಾಗಿಲು ತಾಲ್ಲೂಕು, ದೇವರಾಯಸಮುದ್ರದ ಪಕ್ಕ. ಅಪ್ಪ ರಾಗಿ ಬೆಳೆಯುತ್ತಿದ್ದ, ಎರಡು ಎಕರೆಯಲ್ಲಿ ಹಿಪ್ಪುನೇರಳೆ ಹಾಕಿ ರೇಷ್ಮೆಹುಳ ಸಾಕುತ್ತಿದ್ದ, ಶನಿವಾರ ಸಂಜೆ ಭಜನೆ ಮನೆಯಲ್ಲಿ ತಾಳ ಹಾಕುತ್ತಿದ್ದ. ಹಾಡುವವನಲ್ಲ. ಅವನ ಗಂಟಲು ಎತ್ತನ್ನು ಕೂಗುವುದಕ್ಕೆ ಸರಿ, ದೇವರನ್ನು ಕೂಗುವುದಕ್ಕಲ್ಲ ಅಂತ ಅವನೇ ಹೇಳಿಕೊಳ್ಳುತ್ತಿದ್ದ. ಆದರೆ ತಾಳ ಮಾತ್ರ ಎಂದೂ ತಪ್ಪಿದ್ದಿಲ್ಲ. ಹಿತ್ತಾಳೆಯ ಸಣ್ಣ ಜೋಡಿ ತಾಳ, ಕೆಂಪು ದಾರ ಕಟ್ಟಿದ್ದು. ಒಮ್ಮೆ ಯಾರೋ ಟೇಪ್ ರೆಕಾರ್ಡರ್ ತಂದು ಇಡೀ ಭಜನೆ ತುಂಬಿಕೊಂಡು ಹೋದರು, ಒಂದು ಕ್ಯಾಸೆಟ್ಟು ನಮಗೂ ಕೊಟ್ಟರು. ಆ ಸಂಜೆ ನಾನು ಅಪ್ಪನ ತೊಡೆಯ ಮೇಲಿದ್ದೆನಂತೆ. ಮೂರು ವರ್ಷ. ಮೂರನೆಯ ಹಾಡಿನ ನಡುವೆ ಕೈ ಚಾಚಿ ತಾಳವನ್ನೇ ಗಟ್ಟಿಯಾಗಿ ಹಿಡಿದುಬಿಟ್ಟೆನಂತೆ. ಅಪ್ಪ ನನ್ನ ಬೆರಳು ಬಿಡಿಸಿಕೊಳ್ಳುವಷ್ಟರಲ್ಲಿ ಎರಡು ಪೆಟ್ಟು ಹೋಯಿತು. 'ನನ್ನ ಜನ್ಮದಲ್ಲಿ ತಪ್ಪಿದ ತಾಳ ಅದೊಂದೇ, ತಪ್ಪಿಸಿದೋನು ಇವನು' ಎಂದು ಮನೆಗೆ ಬಂದವರಿಗೆಲ್ಲ ಕ್ಯಾಸೆಟ್ಟು ಹಾಕಿ ಕೇಳಿಸುತ್ತಿದ್ದ. ಆ ಜಾಗ ಬರುವ ಮೊದಲೇ ಬೆರಳೆತ್ತಿ 'ಈಗ, ಈಗ' ಅನ್ನುತ್ತಿದ್ದ. ಟಿಣ್, ಟಿಣ್, ಟಿಣ್, ಆಮೇಲೆ ಏನೂ ಇಲ್ಲ, ಮತ್ತೆ ಟಿಣ್. ಅಪ್ಪನ ಮುಖ ಅರಳುತ್ತಿತ್ತು.

ನಾನು ಐ.ಟಿ.ಐ. ಓದುತ್ತಿದ್ದಾಗ ಅಪ್ಪ ಹೋದ. ನಾವಿಬ್ಬರೇ ಇರುವ ಫೋಟೊ ಒಂದೂ ಇಲ್ಲ. ಇರುವುದು ಆ ಎರಡು ಪೆಟ್ಟಿನ ಖಾಲಿ.

ಟೇಪ್ ರೆಕಾರ್ಡರ್ ಕೆಟ್ಟು ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಕ್ಯಾಸೆಟ್ಟು ಅಕ್ಕನ ಟ್ರಂಕಿನಲ್ಲಿ ಉಳಿದಿತ್ತು. ಮಹಡಿ ಕೋಣೆ ಎದ್ದ ಮೇಲೆ ಅದನ್ನು ತಂದು, ಕೋಲಾರದ ಒಂದು ಅಂಗಡಿಯಲ್ಲಿ ಪೆನ್‌ಡ್ರೈವಿಗೆ ಹಾಕಿಸಿ, ಎದೆಮಟ್ಟ ಬರುವ ಹಳೆಯ ಸ್ಪೀಕರ್ ಜೋಡಿ ಕೊಂಡು, ಒಂದು ಭಾನುವಾರ ಬೆಳಿಗ್ಗೆ ಸ್ನಾನ ಮಾಡಿ ಕೂತು ಹಾಕಿದೆ. ಹಾರ್ಮೋನಿಯಂ ಬಂತು. ಮೃದಂಗ ಬಂತು. ತೆಲುಗಿನಲ್ಲಿ ಹಾಡುತ್ತಿದ್ದ ಹತ್ತು ಹದಿನೈದು ಗಂಟಲು ಒಂದರ ಮೇಲೊಂದು ಬಂದವು. ತಾಳ ಬರಲಿಲ್ಲ. ಮೂರನೆಯ ಹಾಡನ್ನು ಐದು ಸಲ ಹಾಕಿದೆ. ತಾಳವೇ ಕೇಳದಿದ್ದ ಮೇಲೆ ಅದು ನಿಂತದ್ದು ಹೇಗೆ ಕೇಳಬೇಕು?

ಅಂಗಡಿಯವನಿಗೆ ಫೋನ್ ಮಾಡಿ ಜಗಳವಾಡಿದೆ. ಅವನು, 'ಸಾರ್, ಎಲ್ಲಾ ಕ್ಲೀನಾಗಿದೆ, ರೂಮು ಹೆಂಗಿದೆ ನಿಮ್ದು? ಎಕೋ ಇದ್ರೆ ಎಲ್ಲಾ ಕಲಸ್ಕೊಂಡ್ ಬಿಡುತ್ತೆ' ಅಂದ. ನನಗೆ ಅಷ್ಟು ಸಾಕಾಯಿತು. ತಪ್ಪು ಕೋಣೆಯದು.

ಕಾಫಿ ತಂದ ಹೆಂಡತಿ ಬಾಗಿಲಲ್ಲಿ ನಿಂತು ಸ್ವಲ್ಪ ಹೊತ್ತು ಕೇಳಿ, 'ತಾಳ ಕೇಳಿಸ್ತಿದೆಯಲ್ಲ, ಟಿಣ್ ಟಿಣ್ ಅಂತ' ಅಂದಳು. ನಾನು ನಂಬಲಿಲ್ಲ. ಲಕ್ಕೂರಿನ ಕಡೆಯವಳು, ನಮ್ಮೂರ ಭಜನೆ ಕೇಳಿ ಬೆಳೆದವಳಲ್ಲ, ಗಂಡ ಬೇಗ ಕೆಳಗಿಳಿದು ತಿಂಡಿ ತಿನ್ನಲಿ ಅಂತ ಹಾಗೆ ಹೇಳುತ್ತಿದ್ದಾಳೆ ಅಂದುಕೊಂಡೆ. ತಾಳ ಹಾಕಿದ್ದು ಅಪ್ಪ ಅಂತ ಅವಳಿಗೆ ಗೊತ್ತಿತ್ತು, ಆ ಎರಡು ಪೆಟ್ಟಿನ ವಿಷಯ ಮಾತ್ರ ಹೇಳಿರಲಿಲ್ಲ. ಕೋಣೆ ಸರಿಮಾಡಿ, ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಅಪ್ಪನ ಹಾಗೆ ಬೆರಳೆತ್ತಿ 'ಈಗ, ಈಗ' ಅನ್ನಬೇಕು ಅಂತ ನನ್ನ ಆಸೆ. ಅಪ್ಪನನ್ನು ಅವಳು ನೋಡಿದವಳಲ್ಲ. ಹೀಗಾದರೂ ನೋಡಲಿ ಅಂತ.

ಶುರುವಾಯಿತು ನೋಡಿ. ಮೊದಲು ಗೋಡೆಗೆ ಅವಳ ಹಳೆಯ ಸೀರೆಗಳು. ಆಮೇಲೆ ಗೋಣಿಚೀಲ, ಒಂದರ ಮೇಲೊಂದು ಮೂರು ಪದರ. ಮೂಲೆಗಳಲ್ಲಿ ದಪ್ಪ ಸದ್ದು ಸೇರಿಕೊಳ್ಳುತ್ತದಂತೆ, ಅದಕ್ಕೆ ರಾಗಿ ಹುಲ್ಲಿನ ಕಂತೆ ನಿಲ್ಲಿಸಿದೆ. ವಾರದಲ್ಲಿ ಇಲಿ ಸೇರಿಕೊಂಡಿತು. ಕಂತೆ ಇಳಿಸಿ ಹಾಸಿಗೆ ಏರಿಸಿದೆ. ಕುರ್ಚಿಯನ್ನು ಒಂದು ಗೇಣು ಮುಂದೆ, ಒಂದು ಗೇಣು ಹಿಂದೆ ಸರಿಸಿ, ಇಟ್ಟ ಕಡೆಯಲ್ಲೆಲ್ಲ ಸೀಮೆಸುಣ್ಣದಲ್ಲಿ ಗುರುತು ಹಾಕಿದೆ. ನೆಲವೆಲ್ಲ ಕುಂಟೆಬಿಲ್ಲೆ ಆಡಿದ ಅಂಗಳದ ಹಾಗಾಯಿತು. ಬಟ್ಟೆ ಹೆಚ್ಚಿದಷ್ಟೂ ಹಾರ್ಮೋನಿಯಂ ಕಂಬಳಿ ಹೊದ್ದು ಹಾಡಿದ ಹಾಗಾಗುತ್ತಿತ್ತೇ ಹೊರತು ತಾಳ ಮಾತ್ರ ಇಲ್ಲ.

'ಕುಣಿಯಲಾರದವಳು ನೆಲ ಡೊಂಕು ಅಂದಳಂತೆ' ಎಂದು ಒಂದು ದಿನ ಹೆಂಡತಿ ಅಂದಳು. ಕಂತೆಯ ಹುಲ್ಲು ಗುಡಿಸುತ್ತಿದ್ದಳು, ಅಷ್ಟು ಅನ್ನುವ ಹಕ್ಕು ಅವಳಿಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಇಪ್ಪತ್ನಾಲ್ಕು ವರ್ಷದಿಂದ ಕಾರ್ಖಾನೆಯ ಪ್ರೆಸ್ಸಿನ ಮುಂದೆ ನಿಂತವನು ನಾನು. ತಗಡಿನ ಮೇಲೆ ಅಚ್ಚು ಕೂತ ಸದ್ದಿನಲ್ಲೇ ಅದು ಸರಿಯಾಗಿ ಕೂತಿತೋ ಇಲ್ಲವೋ ಹೇಳಬಲ್ಲವನು. ಕಿವಿಗೆ ಇಟ್ಟುಕೊಳ್ಳಿ ಎಂದು ಕೊಟ್ಟ ರಬ್ಬರ್ ಬಿರಡೆ ವರ್ಷಾನುಗಟ್ಟಲೆ ಅಂಗಿ ಜೇಬಿನಲ್ಲೇ ಇರುತ್ತಿತ್ತು. 'ಕಿವಿ ಮುಚ್ಕೊಂಡ್ರೆ ಮಿಷನ್ ಏನ್ ಹೇಳ್ತಿದೆ ಅಂತ ಹೆಂಗ್ರೋ ಗೊತ್ತಾಗುತ್ತೆ?' ಎಂದು ಹೊಸಬರಿಗೆ ಪಾಠ ಮಾಡಿದವನು. ನನ್ನ ಕಿವಿಯ ಬಗ್ಗೆ ನನಗೇ ಹೇಳುತ್ತಾಳಲ್ಲ ಅನ್ನಿಸಿ ಅವಳ ಜೊತೆ ಎರಡು ದಿನ ಮಾತಾಡಲಿಲ್ಲ.

ಆ ಎರಡು ದಿನದಲ್ಲೇ ಚಂದ್ರಿಕೆ ನೆನಪಾಯಿತು.

ಹಣ್ಣಾದ ರೇಷ್ಮೆಹುಳಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಗೆ ಚಂದ್ರಿಕೆ ಅನ್ನುತ್ತೇವೆ. ಆಳೆತ್ತರದ ಬಿದಿರು ಚಾಪೆಯ ಮೇಲೆ ಎರಡು ಬೆರಳು ಅಗಲದ ಪಟ್ಟಿಯನ್ನು ಸುರುಳಿಸುರುಳಿಯಾಗಿ ನಿಲ್ಲಿಸಿ ಹೆಣೆದಿರುತ್ತಾರೆ. ಚಿಕ್ಕಂದಿನಲ್ಲಿ ಹುಳದ ಮನೆಯಲ್ಲಿ ಎಷ್ಟು ಕೂಗಿದರೂ ಕೂಗು ವಾಪಸ್ಸು ಬರುತ್ತಿರಲಿಲ್ಲ, ಚಂದ್ರಿಕೆಗಳು ನುಂಗಿಕೊಳ್ಳುತ್ತಿದ್ದವು. ವಿಡಿಯೊದವನು ತೋರಿಸಿದ ಏರುತಗ್ಗಿನ ಹಲಗೆಗಳು ನಮ್ಮ ಚಂದ್ರಿಕೆಯ ಮುಂದೆ ಯಾವ ಲೆಕ್ಕ! ಯಲ್ದೂರಿನ ಹತ್ತಿರ ಅಕ್ಕನ ಮನೆಯಲ್ಲಿ ಈಗಲೂ ಹುಳ ಸಾಕುತ್ತಾರೆ. ಆಗ ತಾನೇ ಒಂದು ಬೆಳೆ ಮುಗಿದು ಚಂದ್ರಿಕೆಗಳು ಖಾಲಿ ನಿಂತಿದ್ದವು.

ನಮ್ಮ ಕಡೆ ಚಂದ್ರಿಕೆ ಕೇಳಿದವರಿಗೆ ಇಲ್ಲ ಅನ್ನುವಂತಿಲ್ಲ. ಹಣ್ಣಾದ ಹುಳ ಯಾರಿಗೂ ಕಾಯುವುದಿಲ್ಲ, ಹತ್ತಿದ ಕಡೆ ನೂಲು ಬಿಟ್ಟುಬಿಡುತ್ತದೆ. ಅದಕ್ಕೇ ಮಾತು ಬಿಟ್ಟ ಮನೆಯವರಿಗೂ ಚಂದ್ರಿಕೆ ಕೊಡುತ್ತಾರೆ. ಕೊಟ್ಟವರು ಕರೆದ ದಿನ ಮಾತ್ರ ತಪ್ಪದೆ ತಂದು ಹಾಕಬೇಕು.

'ನೀನ್ಯಾವಾಗಿಂದ ಹುಳ ಸಾಕ್ತಿದೀಯೋ?' ಎಂದಳು ಅಕ್ಕ.

'ಹಾಡು ಕೇಳೋ ರೂಮಿಗೆ ಕಣಕ್ಕ.'

'ಚಂದ್ರಿಕೆ ಮೇಲೆ ಹುಳ ಬಿಡೋದು ನೋಡಿದೀನಿ, ಹಾಡು ಬಿಡೋನ್ನ ಇವತ್ತೇ ನೋಡಿದ್ದು. ಸರೇ, ತಗೊಂಡೋಗು. ಸೊಳ್ಳೆ ಕಾಯಿಲ್ ಹಚ್ಚಂಗಿಲ್ಲ, ಊದುಬತ್ತಿ ಹಚ್ಚಂಗಿಲ್ಲ, ಸೆಂಟ್ ಹೊಡ್ಕೊಂಡು ಒಳಕ್ಕೋಗಂಗಿಲ್ಲ. ವಾಸನೆ ಹಿಡ್ಕೊಂಡ್ರೆ ನನ್ನ ಹುಳ ಸಾಯ್ತವೆ ಕಣೋ, ನಿನ್ನ ಹಾಡು ಸಾಯಲ್ಲ.'

ಎಂಟು ಚಂದ್ರಿಕೆಗಳನ್ನು ಟೆಂಪೊದಲ್ಲಿ ತಂದು ಗೋಡೆಗೆ ಒರಗಿಸಿ ಕಟ್ಟಿದೆ. ಚಪ್ಪಾಳೆ ಹೊಡೆದೆ. ಒಂದು ಹೊಡೆದರೆ ಒಂದೇ. ಸಂತೋಷದಲ್ಲಿ ಮತ್ತೆ ಮತ್ತೆ ಹೊಡೆದೆ. ಹಾಡು ಹಾಕಿದರೆ ಮೃದಂಗದ ಎಡಗೈ ಪೆಟ್ಟು ಬಿಡಿಬಿಡಿಯಾಗಿ ಬಂತು, ಊರಿನ ಯಾವ ಗಂಟಲು ಯಾರದು ಅಂತ ಗುರುತು ಹತ್ತಿತು. ಮೂರನೆಯ ಹಾಡು. ಉಸಿರು ಹಿಡಿದು ಕೂತೆ. ಹಾಡು ಮುಗಿಯಿತು. ತಾಳ ಇರಲಿಲ್ಲ.

ಆಮೇಲಿನ ಮೂರು ವಾರ ನಾನು ಮನುಷ್ಯನ ಹಾಗಿರಲಿಲ್ಲ. ಶಿಫ್ಟು ಮುಗಿಸಿ ಬಂದವನು ಶೂ ಬಿಚ್ಚದೆ ಮಹಡಿ ಹತ್ತುತ್ತಿದ್ದೆ. ಎಡಗಡೆಯ ಚಂದ್ರಿಕೆ ಬಲಕ್ಕೆ, ಬಲಗಡೆಯದು ಹಿಂದಕ್ಕೆ. ಊಟಕ್ಕೆ ಕೂತವನು ತುತ್ತು ಬಿಟ್ಟು ಎದ್ದು ಹೋಗಿ ಸ್ಪೀಕರನ್ನು ಎರಡು ಬೆರಳು ತಿರುಗಿಸಿ ಬರುತ್ತಿದ್ದೆ. ಹೊರಗಿನ ಸದ್ದು ಬರಬಾರದೆಂದು ಕಿಟಕಿ ಮುಚ್ಚಿದ್ದೆ, ಅಕ್ಕನ ಮಾತಿನಂತೆ ಕಾಯಿಲ್ ಹಚ್ಚುವಂತಿರಲಿಲ್ಲ. ಹೆಂಡತಿ ಒಂದು ಸಂಜೆ ಜೊತೆಗೆ ಕೂತವಳು ಐದು ನಿಮಿಷಕ್ಕೆ ಎದ್ದಳು.

'ರೀ, ಸೊಳ್ಳೆ ಕಿವೀಲೇ ಬಂದು ಗುಂಯ್ ಅಂತಾವೆ, ಹೆಂಗ್ ಕೂತ್ಕೋತೀರೋ.'

'ಎಲ್ಲಿದೆ ಸೊಳ್ಳೆ? ಇಷ್ಟು ದಿನ ಕೂತಿದೀನಿ, ನನ್ನ ಕಿವಿ ಹತ್ರ ಒಂದೂ ಬಂದಿಲ್ಲ.'

ಅವಳು ನನ್ನ ಮುಂಗೈ ಹಿಡಿದು ತೋರಿಸಿದಳು. ಮೊಣಕೈವರೆಗೆ ಕೆಂಪು ದದ್ದು ಎದ್ದಿದ್ದವು. ಸದ್ದಿಲ್ಲದೆ ಕಚ್ಚುವ ಸೊಳ್ಳೆ ಅಂತ ಹೇಳಿ ನಾನು ಮತ್ತೆ ಹಾಡು ಹಾಕಿದೆ.

ಅಷ್ಟರಲ್ಲಿ ಅಕ್ಕನ ಫೋನು ಬಂತು. 'ಲೇ, ಹುಳ ಇನ್ನೆರಡು ದಿನಕ್ಕೆ ಹಣ್ಣಾಗ್ತವೆ. ಚಂದ್ರಿಕೆ ತಂದಾಕು. ತೊಳ್ದು ಬಿಸಿಲಿಗೆ ಹಾಕ್ಬೇಕು.' ಇನ್ನೊಂದು ವಾರ ಕೊಡು ಅನ್ನಲು ಬಾಯಿ ತೆರೆದವನು ಮುಚ್ಚಿಕೊಂಡೆ. ಅದು ಕೇಳುವ ಮಾತಲ್ಲ. ಮಾರನೆಯ ದಿನ ರಜ ಹಾಕಿ, ಗೊಣಗಿಕೊಂಡು, ಎಂಟನ್ನೂ ಬಿಚ್ಚಿ ಟೆಂಪೊಗೆ ಹೇರಿದೆ. ಹೆಂಡತಿಯೂ ಬಂದಳು.

ಅಕ್ಕ ಚಂದ್ರಿಕೆಗಳನ್ನು ಒಂದೊಂದಾಗಿ ಮೂಸಿ ನೋಡಿ ಇಳಿಸಿಕೊಂಡಳು. 'ಪರವಾಗಿಲ್ಲ, ಮಾತು ಉಳಿಸ್ಕೊಂಡಿದೀಯ' ಅಂದು, ಕೈಕಾಲು ತೊಳೆಸಿ, ಹುಳದ ಮನೆಯೊಳಕ್ಕೆ ಕರೆದುಕೊಂಡು ಹೋದಳು. ಆಗ ತಾನೇ ಸೊಪ್ಪು ಹಾಕಿದ್ದರು. ಅಟ್ಟದ ಮೇಲೆ ಅಟ್ಟ, ಎಲ್ಲ ಕಡೆ ಹಿಪ್ಪುನೇರಳೆಯ ಹಸಿರು, ಹಸಿರಿನ ತುಂಬ ಬೆರಳುದ್ದದ ಬಿಳಿ ಹುಳಗಳು. ಆ ವಯಸ್ಸಿನ ಹುಳ ಸೊಪ್ಪು ಮೇಯುವ ಸದ್ದು ರೇಷ್ಮೆ ಮನೆಯಲ್ಲಿ ಹುಟ್ಟಿದವರಿಗೆ ಹೇಳಿಕೊಡಬೇಕಿಲ್ಲ. ಒಣಗಿದ ಎಲೆಯ ಮೇಲೆ ಜಿಟಿಜಿಟಿ ಮಳೆ ಬಿದ್ದ ಹಾಗೆ. ಚಿಕ್ಕಂದಿನಲ್ಲಿ ಅದನ್ನು ಕೇಳುತ್ತಲೇ ಮಲಗುತ್ತಿದ್ದವರು ನಾವು. ಸದ್ದು ನಿಂತರೆ ಹುಳ ಜ್ವರಕ್ಕೆ ಕೂತಿದೆ ಅಂತ ಅರ್ಥ, ಅಂದರೆ ಮೇವು ಬಿಟ್ಟು ಪೊರೆ ಬಿಡುವ ಹೊತ್ತು. ನಾಲ್ಕು ಜ್ವರ ಮುಗಿಸಿದ ದೊಡ್ಡ ಹುಳ ಸುಮ್ಮನಾದರೆ ಮಾತ್ರ ರೋಗ. ಬೆಳೆಯೇ ಹೋದಂತೆ.

ಒಳಗೆ ಸದ್ದೇ ಇರಲಿಲ್ಲ.

ಮೂಸಿದರೂ ಚಂದ್ರಿಕೆಯ ವಾಸನೆ ಅಕ್ಕನಿಗೆ ಗೊತ್ತಾಗಲಿಲ್ಲವೇನೋ, ನಾನೇ ಏನಾದರೂ ತಂದುಹಾಕಿದೆನೇನೋ ಅನ್ನಿಸಿತು. ಚಂದ್ರಿಕೆ ಇನ್ನೂ ಅಂಗಳದಲ್ಲಿದೆ ಅನ್ನುವುದೂ ಹೊಳೆಯಲಿಲ್ಲ. 'ಅಕ್ಕ, ಹುಳ ಯಾಕೆ ಮೇಯ್ತಿಲ್ಲ? ಸದ್ದೇ ಇಲ್ವಲ್ಲೇ!' ಅಂದೆ.

ಹುಳದ ಮನೆಯಲ್ಲಿ ಕೆಟ್ಟ ಮಾತು ಆಡಬಾರದು. ಅಕ್ಕ ಬಯ್ಯಲೆಂದೇ ತಿರುಗಿದಳು. ನನ್ನ ಮುಖ ನೋಡಿ ಬಯ್ಯಲಿಲ್ಲ. ನಮ್ಮ ಮನೆಯಲ್ಲಿ ತೀರಾ ಒಳಗಿನ ಮಾತು ತೆಲುಗಿನಲ್ಲೇ ಬರುವುದು. ಮೆಲ್ಲಗೆ, 'ನೀಕು ಇನಪಡಲೇದೇಮಿರಾ?' ಅಂದಳು. ನಿನಗೆ ಕೇಳಿಸ್ತಿಲ್ವೇನೋ ಅಂತ.

'ಮಳೆ ಬಂದಂಗೆ ಕೇಳಿಸ್ತಿದೆಯಲ್ರೀ' ಎಂದಳು ಹೆಂಡತಿ.

ಬಗ್ಗಿ ನೋಡಿದೆ. ಎಲೆಯ ಅಂಚು ಹಿಡಿದು ಸಾವಿರ ತಲೆಗಳು ಮೇಲಿಂದ ಕೆಳಗೆ, ಮೇಲಿಂದ ಕೆಳಗೆ ಆಡುತ್ತಿದ್ದವು. ನೋಡನೋಡುತ್ತಿದ್ದಂತೆ ಒಂದು ಎಲೆ ಅರ್ಧವಾಯಿತು. ಕಿವಿಯನ್ನು ಸೊಪ್ಪಿಗೆ ತಾಗುವಷ್ಟು ಹತ್ತಿರ ಇಟ್ಟೆ. ತಣ್ಣಗೆ ಒಂದು ಎಲೆ ಕಿವಿಗೆ ತಗುಲಿತು. ಸದ್ದು ಇಲ್ಲ. ನನಗೆ ಭಯವಾಯಿತು. ಆ ಹುಳಗಳು, ಸೊಳ್ಳೆಗಳು, ತಾಳ, ಹೆಂಡತಿ ಹೇಳಿದ್ದು, ಎಲ್ಲವೂ ಒಟ್ಟಿಗೆ ಬಂದು ಎದುರಿಗೆ ನಿಂತವು. ಎಂಟು ತಿಂಗಳು ಗೋಡೆಗೆ ಬಟ್ಟೆ ಹೊದಿಸಿದೆ, ಗೋಡೆಯ ತಪ್ಪು ಏನೂ ಇರಲಿಲ್ಲ.

ಆ ವಾರವೇ ಕೋಲಾರದಲ್ಲಿ ಕಿವಿ ಪರೀಕ್ಷೆ ಮಾಡುವವರ ಹತ್ತಿರ ಹೋದೆವು. ಅಲ್ಲೊಂದು ಪುಟ್ಟ ಕೋಣೆ, ಒಬ್ಬರು ಕೂರುವಷ್ಟು. ಬಾಗಿಲು ದಿಂಬಿನಷ್ಟು ದಪ್ಪ, ಗೋಡೆಗೆಲ್ಲ ಏರುತಗ್ಗಿನ ಸ್ಪಂಜು. ಒಳಗೆ ಹೋದವನು ಅಭ್ಯಾಸಬಲದಿಂದ ಒಂದು ಚಪ್ಪಾಳೆ ಹೊಡೆದೆ. ಸದ್ದು ಕೈಯಲ್ಲೇ ಸತ್ತುಹೋಯಿತು. ನಾನು ಕಟ್ಟಬೇಕೆಂದು ಒದ್ದಾಡಿದ ಕೋಣೆ ಇದೇ, ಚಾಚೂ ತಪ್ಪದೆ. ಅದರೊಳಗೆ ನನ್ನನ್ನು ಕೂರಿಸಿ, ಕಿವಿಗೆ ಹೆಡ್‌ಫೋನು ಹಾಕಿ, ಸದ್ದು ಕೇಳಿದಾಗೆಲ್ಲ ಬೆರಳೆತ್ತಿ ಅಂದರು. ದಪ್ಪ ಸದ್ದುಗಳಿಗೆ ಟಕಟಕನೆ ಬೆರಳೆತ್ತಿದೆ. ಆಮೇಲೆ ಸುಮ್ಮನಾಯಿತು. ಬಹಳ ಹೊತ್ತು ಸುಮ್ಮನೇ ಇತ್ತು. ಪರೀಕ್ಷೆ ಮುಗಿಯಿತೇನೋ ಎಂದು ಗಾಜಿನಾಚೆ ನೋಡಿದರೆ, ಪರೀಕ್ಷೆ ಮಾಡುತ್ತಿದ್ದ ಹುಡುಗಿ ಇನ್ನೂ ಗುಂಡಿ ಒತ್ತುತ್ತಲೇ ಇದ್ದಳು. ಪಕ್ಕದಲ್ಲಿ ನಿಂತ ನನ್ನ ಹೆಂಡತಿ ನನ್ನ ಬೆರಳನ್ನೇ ನೋಡುತ್ತಿದ್ದಳು.

ತೆಳು ಸದ್ದುಗಳು ಎರಡೂ ಕಿವಿಯಲ್ಲಿ ಹೋಗಿವೆ, ಹೋದದ್ದು ವಾಪಸ್ಸು ಬರುವುದಿಲ್ಲ ಅಂದರು. ಎಲ್ಲಿ ಕೆಲಸ ಎಂದು ಕೇಳಿದರು, ಹೇಳಿದೆ. ಕಿವಿಗೆ ಬಿರಡೆ ಕೊಟ್ಟಿದ್ದರಾ ಅಂತ ಕೇಳಿದರು. ಕೊಟ್ಟಿದ್ದರು ಅಂದೆ. ಕಿವಿಗೆ ಮಿಷನ್ನು ಹಾಕಿಕೊಂಡರೆ ಮಾತು ಸ್ಪಷ್ಟವಾಗುತ್ತದೆ, ಆದರೆ ತಾಳದಂಥ ಸದ್ದಿಗೆ ಭರವಸೆ ಕೊಡಲಾರೆ ಎಂದರು. ಬಸ್ಸಿನಲ್ಲಿ ಹೆಂಡತಿ ನನ್ನ ಮೊಣಕೈ ಹಿಡಿದುಕೊಂಡೇ ಕೂತಿದ್ದಳು. ಕುಣಿಯಲಾರದವಳ ಮಾತು ಮತ್ತೆ ಎತ್ತಲಿಲ್ಲ. ಎತ್ತಿದ್ದರೇ ಚೆನ್ನಾಗಿತ್ತು, ಜಗಳವಾಡಿ ಹಗುರಾಗುತ್ತಿದ್ದೆ.

ಭಾನುವಾರ ಬೆಳಿಗ್ಗೆ ಮಹಡಿ ಹತ್ತಿದೆ. ಗೋಣಿ, ಹಾಸಿಗೆ, ಸೀರೆ ಎಲ್ಲ ಇಳಿಸಿದೆ. ಕಿಟಕಿ ತೆರೆದೆ. ನೆಲದ ಸೀಮೆಸುಣ್ಣ ಒರೆಸಲು ಕೂತವನಿಗೆ ಕೈ ಓಡಲಿಲ್ಲ, ಬಟ್ಟೆ ಬಿಸಾಡಿ ಅತ್ತುಬಿಟ್ಟೆ. ಅಪ್ಪ ಎರಡನೇ ಸಲ ಹೋದ ಅನ್ನಿಸಿತು. ಈ ಸಲ ಕಳುಹಿಸಿದವನು ನಾನೇ.

ಹೆಂಡತಿ ಯಾವಾಗ ಮೇಲೆ ಬಂದಳೋ ಕೇಳಿಸಲಿಲ್ಲ. ಹಾಡು ಹಾಕಿದಳು. ಸೀಮೆಸುಣ್ಣದ ಗುರುತುಗಳ ಮೇಲೆಯೇ ನನ್ನ ಪಕ್ಕ ಕೂತು, ನನ್ನ ಅಂಗೈಯನ್ನು ತನ್ನ ತೊಡೆಯ ಮೇಲೆ ಬಿಚ್ಚಿಟ್ಟುಕೊಂಡು, ಎರಡು ಬೆರಳಿನಿಂದ ತಟ್ಟತೊಡಗಿದಳು.

'ಏನೇ ಇದು?'

'ತಾಳ ಕಣ್ರೀ. ಬಂದಂಗೆಲ್ಲ ಹೇಳ್ತೀನಿ, ಸುಮ್ನೆ ಕೂತ್ಕೊಳ್ಳಿ.'

ಮೊದಲನೆಯ ಹಾಡಿನಲ್ಲಿ ಅವಳು ಸ್ವಲ್ಪ ಹಿಂದೆ ಬೀಳುತ್ತಿದ್ದಳು. ಎರಡನೆಯದರ ಹೊತ್ತಿಗೆ ಹಿಡಿತ ಸಿಕ್ಕಿತು. ಹಾರ್ಮೋನಿಯಂ ಗೋಡೆಗೆ ಬಡಿದು ಕಲಸಿಕೊಂಡು ಬರುತ್ತಿತ್ತು, ಬರಲಿ ಅಂತ ಬಿಟ್ಟೆ. ಮೂರನೆಯ ಹಾಡು ಶುರುವಾಯಿತು. ನಾನು ಬೆರಳೆತ್ತಲಿಲ್ಲ, 'ಈಗ' ಅನ್ನಲಿಲ್ಲ. ಅವಳ ಬೆರಳು ತಟ್ಟುತ್ತಿತ್ತು, ತಟ್ಟುತ್ತಿತ್ತು, ತಟ್ಟುತ್ತಿತ್ತು. ನಿಂತಿತು. ಗಾಳಿಯಲ್ಲೇ ಒಂದು ಕ್ಷಣ ಕಾದು ಮತ್ತೆ ಅಂಗೈಗೆ ಇಳಿಯಿತು.

'ಯಾಕೆ ನಿಲ್ಲಿಸಿದೆ?' ಅಂದೆ.

'ನಾನೆಲ್ಲಿ ನಿಲ್ಲಿಸ್ದೆ?' ಎಂದಳು, ಬೆರಳು ಬಿಡದೆ. 'ನಿಮ್ಮಪ್ಪನೇ ನಿಲ್ಲಿಸಿದ್ರು.'